ಮನವರಿಕೆಯಾಗಿಲ್ಲ

ಕ್ಲೆಮ್‌ನ ಬಲಗಣ್ಣಿನೊಳಗೆ ಗಾಳಿಯ ಗುಳ್ಳೆ ತುಂಬಿ
ಏಳು ದಿನ ಬೋರಲು ಮಲಗು ಅಂದಿದ್ದಾರೆ ಡಾಕ್ಟರು.
ಶೆಫೀಲ್ಡಿನ ಈ ಮುಂಗೋಣೆಯಲ್ಲಿ ಈಗ ಅವನು
ಕಾರ್ಪೆಟ್ಟಿನ ಜೊತೆ ಮಾತಾಡುವ ಫುಟ್‌ಬಾಲ್ ಮ್ಯಾನೇಜರು.
ನಾನು ಅವನ ಕಣ್ಣು, ಅವನ ಮೌಸು.

"ಕಿಂಡೋಗೆ ಅರ್ಜಿ ಹಾಕಿದೆಯಾ, ಗ್ಲೆನಿಸ್?"
ಹಾಕಿದೆ.
ಇಸ್ಸೂಫ್ ಕಿಂಡೋ. ಹತ್ತೊಂಬತ್ತು ವರ್ಷ, ಎಡಗಾಲು,
ಊರು ಬೊಬೊ ಡ್ಯುಲಾಸೊ.
ಕಂಪ್ಯೂಟರು ಹಡೆದ ಹುಡುಗ; ಫೋಟೋ ಇರಬೇಕಾದಲ್ಲಿ
ಬೂದುಬಣ್ಣದ ಒಂದು ತಲೆ, ಎರಡು ಹೆಗಲು.
ಓಟಕ್ಕೆ ಇಪ್ಪತ್ತಕ್ಕೆ ಹತ್ತೊಂಬತ್ತು.
ವರ್ಕ್ ಪರ್ಮಿಟ್ಟಿಗೆ ಬೇಕಾದ್ದು ಹದಿನೈದು ಅಂಕ, ಇವನದು ಹದಿಮೂರು:
ದೇಶದ ತಂಡ ಇವನನ್ನು ಬೆಂಚಿನಲ್ಲೇ ಕೂರಿಸಿತ್ತು,
ಇವನು ಆಡುವ ಲೀಗನ್ನು ಯಾರೋ ಕೆಳಗಿನ ಕಪಾಟಿನಲ್ಲಿಟ್ಟಿದ್ದರು.

"ಮೇಲ್ಮನವಿ ಇದೆಯಲ್ಲ," ನೆಲದಿಂದ ಬಂತು ದನಿ,
"ಬರಿ. ಅಪರೂಪದ ಪ್ರತಿಭೆ ಅಂತ ಬರಿ."
ಬರೆಯುವುದೇನಿಲ್ಲ, ಕ್ಲೆಮ್. ಒಂದು ಗುಂಡಿಯಿದೆ, ಒತ್ತುವುದು.

ಒತ್ತಿದೆ. ಆಟದೊಳಗೆ ಎಂಟು ದಿನ ಸರಿದವು,
ನಮ್ಮಲ್ಲಿ ಒಂದು ಕಪ್ಪು ಚಹಾ.
ಸ್ಟ್ರಾ ಹಾಕಿಕೊಟ್ಟೆ, ನೆಲ ನೋಡುತ್ತಲೇ ಹೀರಿದ.
ಆಮೇಲೆ ಪತ್ರ ಬಂತು.

ಆ ಪತ್ರ ನನಗೆ ಬಾಯಿಪಾಠ.
ಇಪ್ಪತ್ತೆರಡು ವರ್ಷ, ವೀಸಾ ಕಚೇರಿಯ ಮೂರನೇ ಮಹಡಿಯಲ್ಲಿ
ನಾನೇ ಅದನ್ನು ಟೈಪು ಮಾಡಿದವಳು.
ನನಗೆ ಮನವರಿಕೆಯಾಗಿಲ್ಲ, ಎಂದು ಶುರು.
ಕೊನೆಗೆ ಹೆಸರಿಲ್ಲ, ನಂಬರು.
ದಿನಕ್ಕೆ ಮೂವತ್ತು ಕಡತ. ತಲೆಗೆ ಹದಿನೈದು ನಿಮಿಷ.
ಸಾಲುತ್ತದೆಯೇ ಎಂದು ಕೇಳಿಕೊಳ್ಳಲಿಲ್ಲ,
ಸಾಲುವಷ್ಟೇ ಓದುವುದನ್ನು ಕಲಿತೆ.

ಕುಮಾಸಿಯ ದರ್ಜಿಯೊಬ್ಬ. ಹೆಸರು ಮರೆತಿಲ್ಲ, ಹೇಳುವುದಿಲ್ಲ.
ಲೀಡ್ಸಿನಲ್ಲಿ ಮಗಳ ಮದುವೆ, ಶನಿವಾರ.
ಬ್ಯಾಂಕಿನ ಲೆಕ್ಕದಲ್ಲಿ ಮಾರ್ಚಿಯ ಹಾಳೆ ಇರಲಿಲ್ಲ.
ಅರ್ಜಿಗೆ, ಯಾರೂ ಕೇಳದಿದ್ದರೂ,
ಅವಳ ಮದುವೆಯುಡುಪಿನ ಅಳತೆಚೀಟಿ ಪಿನ್ನು ಮಾಡಿದ್ದ:
ಎದೆ, ಸೊಂಟ, ತೋಳು, ಪೆನ್ಸಿಲಿನಲ್ಲಿ.
ಅದಕ್ಕೆ ಅಂಕವಿಲ್ಲ. ಗುರುವಾರ ಪತ್ರ ಹೋಯಿತು.
ಮಾರ್ಚಿಯ ಹಾಳೆ ಮುಂದಿನ ತಿಂಗಳು ಸಿಕ್ಕಿತು,
ಇನ್ಯಾರದೋ ಕಡತದಲ್ಲಿ, ನಮ್ಮದೇ ಕ್ಲಿಪ್ಪಿಗೆ ಕಚ್ಚಿಕೊಂಡು.

"ಏನಂತೆ?" ಅಂದ ಕ್ಲೆಮ್, ಕಾರ್ಪೆಟ್ಟಿಗೆ.
"ಆಗಲ್ಲ ಅಂದಿದ್ದರೆ ಗಾಬರಿಬೇಡ, ಆಟ ಸೇವ್ ಆಗಿದೆ.
ಹಿಂದಕ್ಕೆ ಹೋಗಿ ಮತ್ತೆ ಒತ್ತು. ಎಲ್ಲರೂ ಮಾಡುವುದೇ ಅದು."

ಹಿಂದಕ್ಕೆ ಹೋದೆ. ಸೋಮವಾರ. ಒತ್ತಿದೆ. ಇಲ್ಲ.
ಮತ್ತೆ ಅದೇ ಸೋಮವಾರ. ಇಲ್ಲ.
ಐದು ಸಲ ಆ ಸೋಮವಾರ ಬೆಳಗಾದರೂ ಸಮಿತಿ ಕರಗಲಿಲ್ಲ.
ಒಳಗೆ ಯಾವಳೋ ಗ್ಲೆನಿಸ್ ಕೂತಿರಬೇಕು,
ಊಟದ ಹೊತ್ತು ಕಾಯುತ್ತ.

"ಮಂಜೂರು," ಅಂದೆ.

ತಲೆ ಎತ್ತಲಾರದವನು ಖುಷಿಗೆ ಹಾಸಿಗೆ ಗುದ್ದಿದ.
"ಶನಿವಾರ ಇಳಿಸು. ಎಡಬದಿಗೆ."

ಇಳಿಸಿದೆ. ಪರದೆಯ ಮೇಲೆ ಎಡಬದಿಯಲ್ಲಿ
ಮೂವತ್ತನಾಲ್ಕರ ಬ್ರಾಡ್‌ವೆಲ್ ಏದುಸಿರು ಬಿಡುತ್ತಿದ್ದ;
ನನ್ನ ಬಾಯಲ್ಲಿ ಕಿಂಡೋ ಓಡಿದ.
ಮಳೆ ಹಾಕಿದೆ. ಗ್ರಿಮ್ಸ್‌ಬಿಯ ಡಿಫೆಂಡರೊಬ್ಬನನ್ನು ಜಾರಿಸಿ ಬೀಳಿಸಿದೆ.
ಗೋಲು ಮಾತ್ರ ಕೊಡಲಿಲ್ಲ, ಅಷ್ಟು ಸುಳ್ಳು ಅಭ್ಯಾಸವಿಲ್ಲ;
ಕಂಬಕ್ಕೆ ಬಡಿಸಿದೆ.
ಕ್ಲೆಮ್ ಅಯ್ಯೋ ಅಂದ. ಆಮೇಲೆ, ಅರೆನಿದ್ದೆಯಲ್ಲಿ,
"ಅವನಮ್ಮ ನೋಡಲು ಬಂದಿದ್ದಳಾ?"
ಬಂದಿದ್ದಳು, ಅಂದೆ. ಮೂರನೇ ಸಾಲು.
ವೀಸಾ ಸಿಕ್ಕಿತ್ತು.

ಮಂಗಳವಾರ ತಲೆ ಎತ್ತಬಹುದಂತೆ.
ಅಷ್ಟರೊಳಗೆ ಇನ್ನೊಂದು ಪಂದ್ಯವಿದೆ, ಹಲ್‌ನಲ್ಲಿ, ರಾತ್ರಿ ದೀಪಗಳ ಕೆಳಗೆ.
ಹುಡುಗನ ಬೂಟು ಇನ್ನೂ ಒದ್ದೆ.
ಒಣಹಾಕಬೇಕು.