ತವುಡು

ಗಂಗಾವತಿಯ ರೈಸ್‌ಮಿಲ್ಲಿನಲ್ಲಿ
ಕಾಟಾದ ಮುಂದೆ ಹದಿನೆಂಟು ವರ್ಷ ಕುಂತೆ.
ಸೋನಾಮಸೂರಿ ಮಲ್ಲಿಗೆಯಂಗೆ ಬೆಳ್ಳಗೆ,
ಮೂರು ಹೊತ್ತೂ ಅದನ್ನೇ ಉಂಡೆ.

ಈಗ ಲ್ಯಾಬಿನ ಚೀಟಿ:
ಶುಗರ್ ಮುನ್ನೂರ ಹನ್ನೆರಡು.
"ಒಳಗಿನವರನ್ನು ಉಪವಾಸ ಕೆಡವಿದ್ದೀರಿ"
ಅಂದರು ಡಾಕ್ಟರಮ್ಮ.

ಯಾರವರು?
ಕರುಳಿನೊಳಗೆ ಕೋಟಿಗಟ್ಟಲೆ,
ಹೆಸರಿಲ್ಲ, ರೇಷನ್ ಕಾರ್ಡಿಲ್ಲ,
ನಾರು, ಸಿಪ್ಪೆ, ತವುಡು
ನಾವು ಬೇಡೆಂದು ತೂರಿದ್ದೇ ಅವರ ಬುತ್ತಿ.

ತವುಡು!
ಲಾರಿಗಟ್ಟಲೆ ನಾನೇ ತೂಗಿ ಕಳಿಸಿದ್ದು,
ಎಣ್ಣೆ ಗಾಣಕ್ಕೆ, ಊರ ದನಕ್ಕೆ.
ಒಂದು ಕಿಲೋ ಹೆಚ್ಚುಕಮ್ಮಿ ಆಗಗೊಡಲಿಲ್ಲ.

ಅತ್ತೆ ಹಂಪಮ್ಮ ಏನೂ ಅನ್ನಲಿಲ್ಲ.
ಜೋಳದ ಅಂಬಲಿಗೆ ಹಳೆ ಮಜ್ಜಿಗೆ ಹೊಯ್ದು
ಗಡಿಗೆ ಬಾಯಿಗೆ ಅರಿವೆ ಕಟ್ಟಿದಳು.

ನಡುರಾತ್ರಿ ಎದ್ದು ಕಿವಿಗೊಟ್ಟೆ:
ಬುಳುಕ್, ಬುಳುಕ್.
ಗಡಿಗೆಯದೋ ಹೊಟ್ಟೆಯದೋ,
ಕತ್ತಲೊಳಗೆ ಯಾರೋ
ಪಂಕ್ತಿಗೆ ಕೂರುವ ಸದ್ದು.