ಸಾರ್ವಜನಿಕರಿಗೆ ಭಾನುವಾರ

ಬಾಸ್ಕೆಟ್‌ಬಾಲ್ ಅಂಕಣದ ಬಿಳಿ ಗೆರೆಗಳ ಮೇಲೆ
ಕಪ್ಪು ಬಟ್ಟೆ ಹೊದ್ದ ಮೇಜುಗಳು,
ಮೇಜುಗಳ ಮೇಲೆ ಅರವತ್ತೆಂಟು ಬೋನ್ಸಾಯ್,
ಒಂದೊಂದೂ ಮೊಳದುದ್ದದೊಳಗೆ.
ಬೆಂಡಿಗೋ ಊರಿನ ಈ ಕ್ರೀಡಾಭವನದ ಬಾಗಿಲಲ್ಲಿ
ಮಡಚುವ ಕುರ್ಚಿ, ತಗಡಿನ ದುಡ್ಡಿನ ಡಬ್ಬಿ, ನಾನು.
ವಾರವಿಡೀ ಶಾಲೆಯ ಬಸ್ಸು ಓಡಿಸುವವಳು
ಈ ಮೂರು ದಿನ ಗಿಡ್ಡ ಮರಗಳ ದ್ವಾರಪಾಲಕಿ.

ನಿಯಮ ಲೊರೇನ್ ಪಾಸ್ಕ್ ಬರೆದದ್ದು, ದಪ್ಪಕ್ಷರದಲ್ಲಿ:
ಹಳದಿ ಬಿಲ್ಲೆಯ ಪ್ರತಿನಿಧಿಗಳಿಗೆ ಶುಕ್ರವಾರ, ಶನಿವಾರ.
ಸಾರ್ವಜನಿಕರಿಗೆ ಭಾನುವಾರ, ಹತ್ತರಿಂದ ಮೂರು,
ಏಳು ಡಾಲರ್. ಮಕ್ಕಳಿಗೆ ಪುಕ್ಕಟೆ.

ಸಾರ್ವಜನಿಕರು ಅನ್ನುವ ಪದವನ್ನು
ಇಷ್ಟು ಹತ್ತಿರದಿಂದ ನೋಡಿರಲಿಲ್ಲ ನಾನು.
ಶನಿವಾರ ಮಧ್ಯಾಹ್ನ ಅದು ಟೋಪಿ ಕೈಯಲ್ಲಿ ಹಿಡಿದು
ಎದುರಿಗೆ ಬಂದು ನಿಂತಿತು.
ಹೆಸರು ಡೆಸ್ಮಂಡ್ ಟ್ರೆಗಿಯರ್. ಎಂಬತ್ತರ ಆಸುಪಾಸು.

ನಾಳೆ ಬನ್ನಿ, ಅಂದೆ.
ನಾಳೆ ನಮ್ಮೂರಿಂದ ಬಸ್ಸಿಲ್ಲ, ಅಂದ.
ಬಸ್ಸಿನ ಸಂಗತಿ ನನಗೂ ಗೊತ್ತು. ಇಲ್ಲ.

ಮೂವತ್ತೊಂದನೇ ಮೇಜು, ಅತ್ತಿಯ ಜಾತಿ,
ಈಗ ಒಬ್ಬ ದಂತವೈದ್ಯರದ್ದು.
ಎಪ್ಪತ್ತೊಂಬತ್ತರಲ್ಲಿ ನ್ಯೂಕ್ಯಾಸಲ್‌ನ ರೈಲ್ವೆ ಶೆಡ್ಡಿನ
ಗೋಡೆಯಿಂದ ಅದನ್ನು ಕಿತ್ತದ್ದು ಇವನಂತೆ.
ಇಟ್ಟಿಗೆಯ ಒಂದು ಚೂರನ್ನು ಬೇರು ಬಿಡಲೇ ಇಲ್ಲ,
ಹಾಗೇ ಬೆಳೆಸಿದೆ, ಅಂದ.
ಮಾರಿದ್ದು ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಕೇಳಿದ್ದು ಅವನೇ, ಒಂದೇ ಒಂದು ಮಾತು:
ಅದರ ಮುಖ ಯಾವ ಕಡೆ ಮಾಡಿಟ್ಟಿದ್ದಾರೆ?

ಕುಂಡದ ಮರಕ್ಕೆ ಮುಖವುಂಟು, ಬೆನ್ನುಂಟು;
ಅದನ್ನು ಕಲಿಯೋದಕ್ಕೇ ನನಗೆ ಎರಡು ವರ್ಷ ಹಿಡಿಯಿತು.
ಎದ್ದು ಹೋಗಿ ನೋಡಿ ಬಂದೆ.
ಇಟ್ಟಿಗೆ ಗೋಡೆಯ ಕಡೆಗಿದೆ, ಅಂದೆ.
ಹೂಂ, ಅಂದ. ಟೋಪಿ ಹಾಕಿಕೊಂಡ.

ಬಿಡಬಹುದಿತ್ತು.
ಲೊರೇನ್ ಚಹಾದ ಕೋಣೆಯಲ್ಲಿದ್ದಳು, ಯಾರು ಕೇಳುತ್ತಿದ್ದರು?
ಆದರೆ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ
ಬಸ್ಸು ಪೂರ್ತಿ ನಿಲ್ಲದೆ ಬಾಗಿಲು ತೆಗೆದವಳಲ್ಲ ನಾನು.
ನಾಲ್ಕು ಗಂಟೆಗೆ ಹಿಂದುಗಡೆ ಒಳ್ಳೇ ನೆರಳಿರುತ್ತೆ, ಅಂದೆ.
ಅಷ್ಟೇ ಅಂದದ್ದು.

ನಾಲ್ಕಕ್ಕೆ ನೀರಿನ ಸರದಿ.
ಮರದ ನೆಲ ಒದ್ದೆಯಾಗಬಾರದು, ಅದೂ ನಿಯಮ;
ಹಾಗಾಗಿ ಮರಗಳೇ ತಳ್ಳುಗಾಡಿ ಹತ್ತಿ
ಹಿಂದಿನ ಶಟರ್ ದಾಟಿ ಹೊರಗೆ ಬರುತ್ತವೆ.
ಅಲ್ಲಿ ಕಾರು ನಿಲ್ಲಿಸುವ ಜಾಗ. ನಗರಸಭೆಯದು.
ಅಲ್ಲಿ ನಿಲ್ಲಲು ಬಿಲ್ಲೆ ಬೇಡ, ಟಿಕೆಟ್ ಬೇಡ.
ಮೂವತ್ತೊಂದನ್ನೇ ಮೊದಲು ತಂದೆ.
ಕಸದ ಡಬ್ಬಗಳ ಪಕ್ಕ ಕಾದು ನಿಂತವನ ಕೈಗೆ
ನೀರಿನ ಕ್ಯಾನು ಕೊಟ್ಟೆ.

ಅವಸರ ಮಾಡಲಿಲ್ಲ ಅವನು.
ಕುಂಡದ ಅಡಿಯ ತೂತಿನಿಂದ ಹನಿ ಬೀಳುವ ತನಕ ಹೊಯ್ದ,
ನಿಂತ, ಮತ್ತೆ ಹೊಯ್ದ.
ಒದ್ದೆಯಾದ ಇಟ್ಟಿಗೆ ಕೆಂಪಗೆ ಎದ್ದು ಬಂತು.
ಮುಟ್ಟಬೇಡಿ ಅನ್ನುವ ಫಲಕ ಒಳಗೇ ಉಳಿದಿತ್ತು,
ಆದರೂ ಅವನ ಹೆಬ್ಬೆರಳು ಕೂದಲೆಳೆಯಷ್ಟು ದೂರದಲ್ಲೇ ನಿಂತಿತು.
ದಪ್ಪ ಆಗಿದೆ, ಅಂದ,
ಬಹಳ ದಿನಕ್ಕೆ ಕಂಡ ಸೋದರಳಿಯನ ಬಗ್ಗೆ ಅನ್ನುವ ಹಾಗೆ.
ನಾಲ್ಕು ನಲವತ್ತರ ಬಸ್ಸಿಗೆ ಹೋದ.

ಮರವನ್ನು ತಿರುಗಿ ಮೇಜಿನ ಮೇಲಿಡುವಾಗ
ಯಾವ ಕಡೆ ಮುಖ ಮಾಡಿಟ್ಟೆನೋ,
ಆಣೆ ಮಾಡಿ ಹೇಳಲಾರೆ.

ಭಾನುವಾರ ಸಾಲು ಆಲೂಗಡ್ಡೆ ಚಿಪ್ಸಿನ ಗಾಡಿಯವರೆಗೆ.
ನನ್ನ ಬಸ್ಸಿನದೇ ಹುಡುಗಿ, ಹಲ್ಲು ಬಿದ್ದ ಪ್ರಿಯಾ ಮೆಕಾಲಿ,
ಮೂವತ್ತೊಂದರ ಹತ್ತಿರ ನಿಂತು ಜೋರಾಗಿ ಕೇಳಿದಳು:
ಈ ಮರ ಏನು ತಿಂತಾ ಇದೆ?
ದಂತವೈದ್ಯರು ಅಲ್ಲೇ ಇದ್ದರು.
ಬಾಯೊಳಗೆ ನೋಡುವವರ ಹಾಗೆ ಬಗ್ಗಿ ನೋಡಿದರು,
ಬಹಳ ಹೊತ್ತು.
ಕುಂಡಕ್ಕೆ ಕೈ ಹಾಕಿದರು,
ಮತ್ತೆ ಜೇಬಿಗೆ ಹಾಕಿಕೊಂಡರು.

ಸೋಮವಾರ ಕ್ಯಾನು ತೊಳೆಯುವಾಗ ತಳದಲ್ಲಿ ಸದ್ದು.
ಎರಡು ಡಾಲರಿನ ಮೂರು ನಾಣ್ಯ, ಒಂದರದ್ದು ಒಂದು.
ಯಾವ ದಿನದ ಲೆಕ್ಕಕ್ಕೆ ಬರೆಯೋದು ಅಂತ
ಲೊರೇನ್‌ಳನ್ನು ಇನ್ನೂ ಕೇಳಿಲ್ಲ.