ವಾಪಸಾದ ವೇಳೆ

ಬೆಳಗಿನ ಜಾವ ನಾಲ್ಕಕ್ಕೆ ನನ್ನ ಕೆಲಸ.
ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಯಂತ್ರ ಮೂರು ಸಲ ಕೆಮ್ಮಿ ನಾಲ್ಕನೆಯದಕ್ಕೆ ಒಪ್ಪುತ್ತದೆ.
ಹಿಂದೆ ಕಟ್ಟಿದ ಕಬ್ಬಿಣದ ಹಲ್ಲು
ರಾತ್ರಿ ಬಿದ್ದದ್ದನ್ನೆಲ್ಲ ಬಾಚಿ, ತಟ್ಟಿ
ಎರಡು ಗೆರೆ ಎಳೆಯುತ್ತ ಬರುತ್ತದೆ:
ಹನ್ನೊಂದು ಮೈಲಿಯ ಜೋಡಿ ಹಳಿ.
ಒಮ್ಮೊಮ್ಮೆ ಮೂಸ್ ಒಂದು ಅದರ ಮೇಲೇ ನಡೆದುಹೋಗಿರುತ್ತದೆ;
ಇಷ್ಟು ದೊಡ್ಡ ಕಾಡಿನಲ್ಲಿ ಅದಕ್ಕೂ
ಯಾರೋ ಮಾಡಿಟ್ಟ ದಾರಿಯೇ ಬೇಕು.
ಬೈದು, ಹಿಂದೆ ಹೋಗಿ, ಮತ್ತೆ ಎಳೆಯುತ್ತೇನೆ.

ದಾರಿಯ ಬುಡದಲ್ಲಿ ಒಂದು ಮರದ ಪೆಟ್ಟಿಗೆ.
ಒಳಗೆ ದಾರ ಕಟ್ಟಿದ ಪೆನ್ಸಿಲು, ಒಂದು ಪುಸ್ತಕ:
ಹೆಸರು, ಎಷ್ಟು ಜನ, ಹೊರಟ ವೇಳೆ, ವಾಪಸಾದ ವೇಳೆ.
ಟಿಕೆಟ್ಟಿಲ್ಲ, ಗೇಟಿಲ್ಲ. ಸರ್ಕಾರದ ಕಾಡು.
‘ಸರ್ಕಾರ ಅಂದ್ರೆ ಯಾರು?’ ಕೇಳಿದ್ದಳು
ಕೆಂಪು ಟೋಪಿಯ ಹುಡುಗಿ, ಟಿಲ್ಲಿ.
‘ನಿಮ್ಮಮ್ಮ, ನಾನು, ಅಗೋ ಆ ಮುದುಕ, ನೀನು.’
‘ಹಾಗಾದ್ರೆ ಈ ಮರ ನಂದಾ?’
‘ಒಂದು ಕಡ್ಡಿಯಷ್ಟು.’
ಬಗ್ಗಿ ಒಂದು ಕಡ್ಡಿ ಆರಿಸಿ
ಜೇಬಿಗೆ ಹಾಕಿಕೊಂಡಳು. ಲೆಕ್ಕ ಚುಕ್ತಾ.

ಶನಿವಾರ ಜಾತಿಜಾತಿಯ ಜನ.
ಕಾಗದದ ಗಿರಣಿಯ ಅವಳಿ ಅಣ್ಣತಮ್ಮಂದಿರು,
ಹಸುಗೂಸನ್ನು ಜಾರುಗಾಡಿಯಲ್ಲಿ ಎಳೆದುಕೊಂಡು ಬರುವ ನರ್ಸು,
ನೀಲಿ ಮೇಣವೋ ನೇರಳೆ ಮೇಣವೋ ಎಂದು
ಕಾರಿನ ಬಾಗಿಲಲ್ಲೇ ಜಗಳಕ್ಕೆ ನಿಂತ ಮಾವ ಅಳಿಯ.
ಇಬ್ಬರದ್ದೂ ತಪ್ಪಲ್ಲ:
ಬೆಳಿಗ್ಗೆ ಹುರಿದ ರವೆಯಂತಿದ್ದ ಹಿಮ
ಮಧ್ಯಾಹ್ನಕ್ಕೆ ನೆನೆದ ಅವಲಕ್ಕಿ,
ಸಂಜೆಗೆ ಬರೀ ಗಾಜು.

ಐದೂವರೆಗೆ ಪೆಟ್ಟಿಗೆ ತೆರೆದೆ.
ಎಲ್ಲರೂ ಬಂದಿದ್ದರು, ಒಂದು ಸಾಲು ಬಿಟ್ಟು.
ಲೆಂಪಿ ಕಾಂಗಾಸ್. ಒಬ್ಬಳು. ಹನ್ನೆರಡೂವರೆ.
ಆಮೇಲೆ ಖಾಲಿ.
ಎಪ್ಪತ್ತನಾಲ್ಕು ವಯಸ್ಸು ಆಕೆಗೆ.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಕೈಗವಸು ಮರೆತು ಬಂದ ನನಗೆ
ತನ್ನದನ್ನೇ ತೊಡಿಸಿ, ಬರಿಗೈಯಲ್ಲಿ ಸ್ಟಿಯರಿಂಗು ಹಿಡಿದವಳು.

ಹತ್ತನೆಯ ಮೈಲಿ, ಕೊನೆಯ ದಿಬ್ಬದ ನೆತ್ತಿ.
ನನ್ನ ದೀಪ ಮೊದಲು ಕಂಡದ್ದು
ಹಿಮದಲ್ಲಿ ನೆಟ್ಟ ಎರಡು ಹಲಗೆ. ಎದೆ ಧಸಕ್ಕೆಂದಿತು.
ಪಕ್ಕದಲ್ಲಿ, ಉರುಳಿದ ಬರ್ಚಿನ ಮೇಲೆ,
ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಊದುತ್ತ ಅವಳು.
‘ವಾಪಸಾದ ವೇಳೆ ಬರೆದಿಲ್ಲ ನೀವು.’
‘ವಾಪಸಾಗಿಲ್ಲವಲ್ಲ.’
‘ಕತ್ತಲಾಯಿತು.’
‘ಅದನ್ನ ನೋಡೋಕೇ ಕೂತಿದ್ದೆ.
ಮೊದಲು ನಿನ್ನ ಆ ದೆವ್ವವನ್ನ ಆಫ್ ಮಾಡು.’

ಮಾಡಿದೆ.
ಹತ್ತು ವರ್ಷ ಈ ದಾರಿ ಎಳೆದವನು ನಾನು,
ಅದರ ಸದ್ದು ಕೇಳಿದ್ದು ಇದೇ ಮೊದಲು.
ಎಲ್ಲೋ ಒಂದು ಮರ ಚಳಿಗೆ ಚಟ್ಟೆಂದು ಸಿಡಿಯಿತು.
ಕೊಂಬೆಯಿಂದ ಧೊಪ್ಪನೆ ಒಂದು ಹೊರೆ. ಮತ್ತೆ ಏನಿಲ್ಲ.
ಕೆರೆಯ ಮಂಜುಗಡ್ಡೆ ನಿದ್ದೆಯಲ್ಲಿ ಮಗ್ಗುಲಾದಂತೆ ನರಳಿತು.
ಚಂದ್ರ ಅಷ್ಟೇನೂ ದೊಡ್ಡದಿರಲಿಲ್ಲ.

‘ಕೊನೆಗೆ ಹಲಗೆ ಕಟ್ಟಿದ್ದು ಯಾವಾಗ?’
‘ಹದಿನಾಲ್ಕರಲ್ಲಿ.’
‘ಥೂ’ ಅಂದಳು, ಒಂದು ಹಲಗೆ ಕಿತ್ತು ಕೊಟ್ಟಳು.
ಹಳೇ ಮರದ್ದು, ಯಾವ ಬೂಟಿಗೂ ಒಗ್ಗುವ ತೊಗಲಪಟ್ಟಿ.
ನನಗೊಂದು, ಅವಳಿಗೊಂದು; ಕೋಲೂ ಹಾಗೆಯೇ.
ಇನ್ನೊಂದು ಕಾಲಲ್ಲಿ ನೆಲ ಒದ್ದೆವು.

ಅವಳು ಹೋದಳು, ನೀರು ಸುರಿದಂತೆ.
ನಾನು ಕೂಗಿದೆ. ಕೂಗುತ್ತಲೇ ಇದ್ದೆ.
ಕೂಗು ಯಾವಾಗ ನಗೆಯಾಯಿತೋ ತಿಳಿಯದು;
ಅಷ್ಟರಲ್ಲಿ ಬಾಯ್ತುಂಬ ಹಿಮ.

ಕೆಳಗೆ, ಪೆಟ್ಟಿಗೆಯ ಬಳಿ, ಹಲ್ಲಿನಿಂದ ಕೈಗವಸು ಕಿತ್ತು
ಆರೂ ಐವತ್ತು ಎಂದು ಬರೆದಳು.
ಎಷ್ಟು ಜನ ಎಂಬಲ್ಲಿ
ಒಂದನ್ನು ಹೊಡೆದು ಎರಡು ಮಾಡಿದಳು.
ಯಂತ್ರ ತರಲು ನಾನು ಮತ್ತೆ ದಿಬ್ಬ ಹತ್ತಿದೆ,
ಬೆನ್ನೊಳಗೆ ಹಿಮ ಕರಗುತ್ತ.

ಇವತ್ತು ಬೆಳಗಿನ ಜಾವ ಅದೇ ಇಳಿಜಾರು.
ಎರಡು ಒಂಟಿ ಗೆರೆ: ಒಂದು ನೇರ,
ಇನ್ನೊಂದು ಕುಡಿದವನಂತೆ ಹೋಗಿ
ನನ್ನದೇ ಅಳತೆಯ ಗುಂಡಿಯಲ್ಲಿ ಮುಗಿದಿತ್ತು.
ಅಷ್ಟು ದೂರ
ಹಲ್ಲು ಎತ್ತಿಕೊಂಡು ದಾಟಿದೆ.